ಬೈಸಿಕೊಂಡು ಬರುವ ಹೋಂವರ್ಕ್

ನಗು ಬಾಯಿಗೆ ಬರುವ ಮೊದಲು ಅವರ ಹೆಗಲಿಗೆ ಬರುತ್ತಿತ್ತು. ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದ ನಮ್ಮ ಇತಿಹಾಸದ ಟೀಚರ ಹೆಗಲು ಕುಣಿಯತೊಡಗಿದರೆ ಸಾಕು, ಕೊಟ್ಟೂರಿನ ಆ ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು. ಪುಸ್ತಕದಲ್ಲಿ ಇಲ್ಲದ್ದೇನೋ ಬರುತ್ತದೆಂದು ಗೊತ್ತು.

"ನಮ್ಮ ದೇಶದ ಮೊದಲನೇ ಸಿನಿಮಾದಾಗ ರಾಣಿ ಆಗಿದ್ದು ಯಾರು ಗೊತ್ತೈತೇನು? ಹೋಟ್ಲದಾಗ ಅಡಿಗಿ ಮಾಡ್ತಿದ್ದ ಗಂಡಸು!"

ಇಂಥದ್ದನ್ನು ಮನೆಯಲ್ಲಿ ಹೇಳಿ ಬೈಸಿಕೊಂಡು ಬರುವುದೇ ನಮ್ಮ ಹೋಂವರ್ಕ್. ಯಾರ ಮನೆಯಲ್ಲಿ ಏನು ಬೈದರು ಎಂಬಲ್ಲಿಂದ ಮರುದಿನದ ಪಾಠ ಶುರು. ಹಂಪಿ ಕಟ್ಟಲು ಶುರು ಮಾಡಿದವರು ಮೆಣಸಿನಕಾಯಿಯ ರುಚಿಯನ್ನೇ ನೋಡಿರಲಿಲ್ಲ, ಅದು ಆಮೇಲೆ ಹಡಗಿನಲ್ಲಿ ಬಂದದ್ದು ಎಂದಾಗ ನಮ್ಮಜ್ಜಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ಖಾರ ತಿನ್ನದವ್ರು ಅಷ್ಟು ದೊಡ್ಡ ಕಲ್ಲು ಎತ್ಯಾರೇನು? ನಿಮ್ಮ ಟೀಚರಮ್ಮಗ ಬುದ್ಧಿ ಐತೋ ಇಲ್ಲೋ!"

ಟೀಚರ್ ಕೇಳಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಜ್ಜಿ ಕೇಳ್ಯಾರಂದ್ರ ಉತ್ತರ ಕೊಡಬೇಕು. ಆಗ ಕರಿಮೆಣಸಿನ ಖಾರ ಇತ್ತು ಅಂತ ಹೇಳು." ಬೈದವರಿಗೂ ಮರ್ಯಾದೆಯಿಂದ ಉತ್ತರ ಕಳಿಸುತ್ತಿದ್ದ ಆ ಟೀಚರ ಶಿಷ್ಯೆ ನಾನು ಎನ್ನುವಾಗ ಈಗಲೂ ಎದೆಯುಬ್ಬುತ್ತದೆ.

ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದೆ. ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ವಿಜ್ಞಾನ ಓದುವ ಆಸೆ. ಅಪ್ಪ ಸುತರಾಂ ಒಪ್ಪಲಿಲ್ಲ. ಗಂಡು ನೋಡುವ ಮಾತೂ ಶುರುವಾಗಿತ್ತು. ಸುದ್ದಿ ತಿಳಿದು ಟೀಚರ್ ನಮ್ಮ ಹಳ್ಳಿಗೇ ಬಂದರು. ಅಪ್ಪ, ಅಜ್ಜಿ ಇಬ್ಬರೂ ಪಡಸಾಲೆಯಲ್ಲಿ ಕೂತು ಬಿತ್ತನೆಗೆಂದು ಶೇಂಗಾ ಒಡೆಯುತ್ತಿದ್ದರು.

"ಹೆಣ್ಣುಮಕ್ಕಳನ್ನ ಬ್ಯಾರೆ ಊರಿಗೆ ಓದಾಕ ಕಳಿಸೋದು ನಮ್ಮ ಹಿರೇರಿಂದ ಬಂದಿಲ್ರಿ, ಟೀಚರಮ್ಮ," ಎಂದ ಅಪ್ಪ.

ಟೀಚರ್ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡರು. ಹೆಗಲು ಆಗಲೇ ಕುಣಿಯುತ್ತಿತ್ತು. "ಶೇಂಗಾನೂ ಹಿರೇರಿಂದ ಬಂದಿಲ್ರಿ ಗೌಡ್ರ. ಸಮುದ್ರದ ಆಚಿಂದ ಬಂದೈತಿ. ಯಾರೋ ಒಬ್ರು ಧೈರ್ಯ ಮಾಡಿ ಮೊದ್ಲು ಬಿತ್ತಿದ್ರು. ಈಗ ಅದಿಲ್ದ ನಮಗ ಚಟ್ನಿ ಇಲ್ಲ, ಹೋಳಿಗಿ ಇಲ್ಲ."

ಅಪ್ಪ ಬಾಯಿ ತೆರೆಯುವುದರೊಳಗೆ ಅಜ್ಜಿ ಹೇಳಿದಳು: "ಈಯಮ್ಮನ ಮುಂದ ನಾನೇ ಸೋತೀನಿ, ನಿಂದೇನು? ಕಳ್ಸು."

ಮುಂದೆ ಬಳ್ಳಾರಿಯಲ್ಲೇ ಓದಿ, ಅಲ್ಲೇ ಕಾಲೇಜಿನಲ್ಲಿ ಕಲಿಸತೊಡಗಿದೆ. ಟೀಚರ್ ನಿವೃತ್ತರಾಗಿ ತವರೂರು ಹಲವಾಗಲಿಗೆ ಹೋದವರು ಅಲ್ಲೇ ತೀರಿಕೊಂಡರು. ಕೊನೆಯ ದರ್ಶನಕ್ಕೆ ಅಪ್ಪನೂ ನನ್ನ ಜೊತೆ ಬಂದ. ಅಲ್ಲಿ ಪರಿಚಯದವರೊಬ್ಬರು, "ಮಗಳನ್ನ ಚಲೋ ಓದಿಸೀರಿ ನೋಡ್ರಿ," ಎಂದರು.

ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಓದಿಸಿದೋರು ಇಲ್ಲಿ ಮಲಗ್ಯಾರ್ರಿ. ನಾನು ಬರೇ ಬಸ್ ಹತ್ತಿಸೀನಿ."