ಅರ್ಧ ಕಿಲೋ ದುರ್ಬೀನು ಮತ್ತು ಮೆಂಗಿಯಾ ಅತ್ತೆಯ ಭಯ

ಮೊದಲೇ ಹೇಳಿಬಿಡುತ್ತೇನೆ, ಮೆಂಗಿಯಾ ಅತ್ತೆ ಪುಕ್ಕಲು ಹೆಂಗಸಲ್ಲ. ಇಪ್ಪತ್ತಾರು ವರ್ಷದಿಂದ ನಮ್ಮ ಕಣಿವೆಯ ಹಳದಿ ಬಸ್ಸು ಓಡಿಸುತ್ತಿದ್ದಾರೆ. ಒಂದು ಜನವರಿಯಲ್ಲಿ ಹಿಮದ ಮೇಲೆ ಹಿಂದಿನ ಚಕ್ರ ಜಾರಿ ಪ್ರಪಾತದ ಅಂಚಿಗೆ ಬಂದು ನಿಂತಿತ್ತು. ಆಗಲೂ ಹಿಂದೆ ತಿರುಗಿ ನೋಡದೆ, "ಎಲ್ಲಾರೂ ಒಸಿ ಬಲಕ್ಕೆ ಸರ್ಕೊಳಿ, ತಿಂಡಿ ಆಮೇಲೆ ತಿನ್ನೋರಂತೆ" ಅಂದಿದ್ದರು. ಅಂಥವರ ಕೈ ಹೋದ ವರ್ಷದ ಸೆಪ್ಟೆಂಬರಿನಿಂದ ನಡುಗುತ್ತಿದೆ. ಸ್ಟೀರಿಂಗ್ ಹಿಡಿದಾಗ ಇಲ್ಲ. ದುರ್ಬೀನು ಹಿಡಿದಾಗ ಮಾತ್ರ.

ನಡೆದದ್ದು ಇಷ್ಟು. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮೂರು ವಾರ ಬೇಟೆ. ಕಾಡುಮೇಕೆ ಹೊಡೆಯಬಹುದು, ಆದರೆ ಮರಿಗೆ ಹಾಲೂಡಿಸುವ ತಾಯಿಯನ್ನು ಮುಟ್ಟುವ ಹಾಗಿಲ್ಲ. ಹಾಲಿಲ್ಲದ ಹೆಣ್ಣನ್ನು ಹೊಡೆಯಬಹುದು. ಯಾವುದಕ್ಕೆ ಹಾಲಿದೆ, ಯಾವುದಕ್ಕಿಲ್ಲ ಎಂದು ಮುನ್ನೂರು ಹೆಜ್ಜೆ ದೂರದಿಂದಲೇ ಕಣ್ಣಲ್ಲಿ ತೀರ್ಮಾನ ಮಾಡಬೇಕು. ಅತ್ತೆ ಮೂವತ್ತು ವರ್ಷ ತಪ್ಪಿರಲಿಲ್ಲ. ಆದರೆ ಕತ್ತಿನ ಮೂಳೆ ಸವೆದಿತ್ತು. ಅಪ್ಪನ ಕಾಲದ ದುರ್ಬೀನು ಒಂದು ಕಿಲೋಗಿಂತ ಜಾಸ್ತಿ, ಅದನ್ನು ಇನ್ನು ಹೊರಬೇಡಿ ಎಂದು ಡಾಕ್ಟರು ಗದರಿದ್ದರು. ಅಳಿಯ ಒಂದು ಪುಟಾಣಿ ದುರ್ಬೀನು ತಂದುಕೊಟ್ಟ, ಅಂಗಿಯ ಜೇಬಿಗೇ ಹೋಗುವಂಥದ್ದು. ಅದನ್ನೇ ತೆಗೆದುಕೊಂಡು ಹೋದರು. ಬೆಳಗಿನ ಮಬ್ಬಿನಲ್ಲಿ ಆ ಚಿಕ್ಕ ಗಾಜಿನೊಳಗೆ ಎಲ್ಲವೂ ಕಪ್ಪು ಕಪ್ಪು. ಮೇಕೆ ಒಂಟಿಯಾಗಿ ಕಂಡಿತು. ಹೊಡೆದರು. ಹತ್ತಿರ ಹೋದರೆ ಕೆಚ್ಚಲು ಒದ್ದೆ, ಬಂಡೆಯ ಹಿಂದೆ ಮರಿ.

ನಮ್ಮ ಕಡೆ ತಪ್ಪು ಮಾಡಿದವರೇ ಹೊತ್ತು ತಂದು ಒಪ್ಪಿಸಬೇಕು. ಅತ್ತೆ ಆ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಊರ ನಡುವಿನ ದಾರಿಯಲ್ಲೇ ಬೇಟೆ ಕಾವಲುಗಾರ ಟುಮಾಷ್ ಮನೆಗೆ ನಡೆದರು. ಬೇಕರಿ ಮುಂದೆ ನಿಂತಿದ್ದವರು ಮಾತು ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಆ ಮರಿ ಚಳಿಗಾಲ ದಾಟಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಈ ವರ್ಷ ನನ್ನ ಮೊದಲ ಬೇಟೆ ಲೈಸೆನ್ಸು. ಅತ್ತೆ ಜೊತೆಗೇ ಹೋಗುವುದು ಎಂದು ಚಿಕ್ಕಂದಿನಿಂದ ಆಸೆ. ಕೇಳಿದ್ದಕ್ಕೆ ಅವರು ಬಾಗಿಲಲ್ಲೇ ನಿಂತು ಹೇಳಿದರು: "ಬರ್ತೀನಿ ಕಣೆ ಲಾಡಿನಾ. ಆದ್ರೆ ಇನ್ನೊಂದು ತಾಯಿನ ಕೊಂದ್ರೆ ಬಂದೂಕು ಟುಮಾಷ್ ಕೈಗೆ ಕೊಟ್ಟುಬಿಡ್ತೀನಿ. ಆಮೇಲೆ ನನ್ನನ್ನ ಬೆಟ್ಟಕ್ಕೆ ಕರೀಬೇಡ, ಊಟಕ್ಕೂ ಕರೀಬೇಡ."

ಆಗಸ್ಟಿನಲ್ಲಿ ಪೇಟೆಗೆ ಹೋದೆವು. ಬೇಟೆ ಸಾಮಾನಿನ ಅಂಗಡಿಯ ಲುರೇನ್ ಮೂರು ದುರ್ಬೀನು ಮೇಜಿನ ಮೇಲಿಟ್ಟ. ಒಂದು ಜೇಬಿನದು, ಉಳಿದೆರಡು ಅಂಗೈಗಿಂತ ಸ್ವಲ್ಪ ದೊಡ್ಡವು, ಅರ್ಧ ಕಿಲೋದ ಆಸುಪಾಸು. ಅವೆರಡರಲ್ಲಿ ಒಂದು ಹತ್ತು ಪಟ್ಟು ಹತ್ತಿರ ತೋರಿಸುತ್ತೆ, ಇನ್ನೊಂದು ಎಂಟು ಪಟ್ಟು.

"ಹತ್ತು ಪಟ್ಟಿಂದು ತಗೊಳಿ ಮೆಂಗಿಯಾ. ಈಗಿನ ಹುಡುಗ್ರೆಲ್ಲಾ ಅದನ್ನೇ ಒಯ್ಯೋದು," ಎಂದ ಲುರೇನ್.

"ಈಗಿನ ಹುಡುಗ್ರ ಕೈ ನಂಗೆ ಹಾಕ್ಕೊಡ್ತೀಯಾ?"

ಕಿಟಕಿಯಿಂದ ಚರ್ಚಿನ ಗಡಿಯಾರ ನೋಡಿದರು. ಹತ್ತು ಪಟ್ಟಿನದರಲ್ಲಿ ಮುಳ್ಳು ದೊಡ್ಡದಾಗೇನೋ ಕಂಡಿತು, ಜೊತೆಗೆ ಕೈಯ ನಡುಕವೂ ಹತ್ತು ಪಟ್ಟಾಯಿತು. "ಮಟಮಟ ಮಧ್ಯಾಹ್ನ ಅಂಗಡಿ ಒಳಗೆ ಎಲ್ಲಾನೂ ಚೆನ್ನಾಗೇ ಕಾಣ್ತದೆ," ಎಂದು ಅತ್ತೆ ಅದನ್ನು ಕೆಳಗಿಟ್ಟರು. "ಮೂರನ್ನೂ ಒಂದು ವಾರ ಕೊಡು."

ಲುರೇನ್ ಗೊಣಗಿದ. ಆದರೂ ಕೊಟ್ಟ. ಅವನ ಮಕ್ಕಳು ಹೋಗುವುದೂ ಅತ್ತೆಯ ಬಸ್ಸಿನಲ್ಲೇ.

ಆಮೇಲೆ ಅತ್ತೆ ಮಾಡಿದ್ದನ್ನು ನಾನು ಬೇರೆ ಯಾರೂ ಮಾಡಿದ್ದು ಕಂಡಿಲ್ಲ. ಹೊಳೆಯಾಚೆಯ ಹುಲ್ಲುಗಾವಲಿನಲ್ಲಿ ನೆರೆಮನೆಯ ಗಿಯಾಕನ್ ಮಾವನ ಹನ್ನೊಂದು ಮೇಕೆ ಮೇಯುತ್ತವೆ. ಕೆಲವು ಹಾಲಿನವು, ಕೆಲವು ಗೊಡ್ಡು. ಸಂಜೆ ಹಾಲು ಕರೆದ ಮೇಲೆ ಕೆಚ್ಚಲು ಬರಿದಾಗಿ ಕುಗ್ಗಿರುತ್ತೆ, ದೂರದಿಂದ ಗುರುತು ಸಿಗುವುದು ಕಷ್ಟ. ಅತ್ತೆ ಅದೇ ಹೊತ್ತು ಹುಡುಕಿ, ಬೆಳಕು ಇಳಿಯುವಾಗ ಹೊಳೆಯ ಈಚೆ ಕಲ್ಲುಗೋಡೆಯ ಹಿಂದೆ ಕೂತರು. ನಾನು ಆಚೆ ಮಾವನ ಹತ್ತಿರ ಕೂತು ಫೋನಿನಲ್ಲಿ ಉತ್ತರ ಕೇಳಿಸಿಕೊಳ್ಳಬೇಕು.

"ಎಡಗಡೆ ಕಂದು ಬಣ್ಣದ್ದು, ಗೊಡ್ಡು," ಎಂದರು ಅತ್ತೆ.

ಗಿಯಾಕನ್ ಮಾವ ನನ್ನ ಕೈಯಿಂದ ಫೋನು ಕಸಿದುಕೊಂಡ. "ಬೆಳಿಗ್ಗೆ ನಿನ್ನ ಕಾಫಿಗೆ ಹಾಕ್ಕೊಂಡ್ಯಲ್ಲ, ಆ ಹಾಲು ಕೊಟ್ಟಿದ್ದೇ ಅವಳು. ಕೇಳಿಸ್ಕೊಂಡ್ರೆ ನಾಳೆ ಒದೀತಾಳೆ ನೋಡು."

ಜೇಬಿನ ದುರ್ಬೀನಿನಲ್ಲಿ ಐದು ತಪ್ಪು. ಹತ್ತು ಪಟ್ಟಿನದರಲ್ಲಿ ಎರಡು. ಎಂಟು ಪಟ್ಟಿನದನ್ನು ಹಿಡಿದು, ಮೊಣಕೈ ಎರಡನ್ನೂ ಗೋಡೆಗೆ ಊರಿ, ಉಸಿರು ಬಿಟ್ಟು ಬಿಟ್ಟು ನೋಡಿದಾಗ ಒಂದೇ ತಪ್ಪು. ನಾನು ಕುಣಿದಾಡಿಬಿಟ್ಟೆ. ಅತ್ತೆ ಸೇತುವೆ ದಾಟಿ ಬಂದು ಹುಲ್ಲಿನ ಮೇಲೆ ಕೂತರು.

"ಒಂದು ತಪ್ಪು ಅಂದ್ರೆ ಒಂದು ತಾಯಿ ಕಣೆ," ಎಂದರು.

ಮಾವ ಕೂಡ ಆಗ ತಮಾಷೆ ಮಾಡಲಿಲ್ಲ. "ನಾಳೆನೂ ಬಾ," ಎಂದ ಅಷ್ಟೆ. ಮತ್ತೆ ಎರಡು ಸಂಜೆ ಬಂದರು. ಎಂಟು ಪಟ್ಟಿನದರಲ್ಲಿ ತಪ್ಪು ಒಂದೂ ಇಲ್ಲ. ಅದನ್ನೇ ಕೊಂಡರು. ಕತ್ತಿಗೆ ಜೋತು ಹಾಕದೆ, ಭುಜಗಳ ಮೇಲಿಂದ ಪಟ್ಟಿ ಕಟ್ಟಿ ಎದೆಗೆ ಒತ್ತಿಕೊಂಡರು. ಆದರೂ ರಾತ್ರಿ ನಿದ್ದೆ ಇಲ್ಲ ಎಂದು ಅವರ ಮಗಳು ನನಗೆ ಹೇಳಿದಳು.

ಬೇಟೆಯ ಮೂರನೇ ದಿನ. ಕತ್ತಲಲ್ಲೇ ಹೊರಟು ನಾಲ್ಕು ಗಂಟೆ ಹತ್ತಿದ್ದೆವು. ಕೆಳಗೆ ಮಂಜು ತುಂಬಿ ಕಣಿವೆಯೇ ಇರಲಿಲ್ಲ, ಒಂದು ಕಲ್ಲು ಜಾರಿದರೆ ಅದು ನೆಲ ಮುಟ್ಟಿದ ಸದ್ದೂ ಬರುತ್ತಿರಲಿಲ್ಲ. ಎದುರಿನ ಬಂಡೆಯ ಮೆಟ್ಟಿಲ ಮೇಲೆ ಒಂದು ಕಾಡುಮೇಕೆ ಮಲಗಿತ್ತು, ಹೆಣ್ಣು, ಒಂಟಿ. ಹೋದ ವರ್ಷದ ಹಾಗೇ.

"ಆ ದೊಡ್ಡ ಕಲ್ಲು ನೋಡ್ತಾ ಇರು ನೀನು. ಹಿಂದಿನಿಂದ ಏನಾದ್ರೂ ಮಿಸುಕಿದ್ರೆ ಹೇಳು. ರೆಪ್ಪೆ ಬಡೀಬೇಡ," ಎಂದು ಅತ್ತೆ ಪಿಸುಗುಟ್ಟಿದರು.

ಚೀಲದ ಮೇಲೆ ಮೊಣಕೈ ಊರಿ ಮಲಗಿ ನೋಡತೊಡಗಿದರು. ಮಬ್ಬು ಹರಿಯುವವರೆಗೆ ಬಂದೂಕು ಮುಟ್ಟಲೇ ಇಲ್ಲ. ಒಂದೂವರೆ ಗಂಟೆ ಕಳೆಯಿತು. ನನ್ನ ಕಾಲು ಮರಗಟ್ಟಿತು. ಕೊನೆಗೆ ಮೇಕೆ ಎದ್ದು, ಹಿಂಗಾಲು ಚಾಚಿ ಮೈಮುರಿದು, ನಮಗೆ ಬೆನ್ನು ಹಾಕಿ ನಿಂತಿತು. ಅತ್ತೆ ನೋಡಿದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. "ಬತ್ತಿದೆ," ಎಂದರು. ಮತ್ತೆ ಹತ್ತು ನಿಮಿಷ ನೋಡಿದರು. ಆಮೇಲೆ ಹೊಡೆದರು.

ಮೇಕೆ ನಿಂತಲ್ಲೇ ಬಿತ್ತು. ಗುಂಡಿನ ಸದ್ದು ಅಡಗುವಷ್ಟರಲ್ಲಿ ಮೇಲಿನಿಂದ ಮರಿಯೊಂದು ಕೂಗಿತು.

ಆ ಕೂಗು ನಾನು ಮರೆಯುವುದಿಲ್ಲ. ತೆಳ್ಳಗೆ, ಉದ್ದಕ್ಕೆ, ಯಾರನ್ನೋ ಹುಡುಕುವ ಹಾಗೆ. ಅತ್ತೆ ಬಂದೂಕು ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ದುರ್ಬೀನು ಎತ್ತಿದರೆ ಕೈಯಲ್ಲಿ ನಿಲ್ಲದು.

"ಅತ್ತೆ, ಕೂತ್ಕೊಳಿ. ಮಂಡಿ ಮೇಲೆ ಇಟ್ಕೊಂಡು ನೋಡಿ."

ಕೂತರು. ಮಂಡಿಗೆ ಮೊಣಕೈ ಕೊಟ್ಟರು. ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು ಅಲುಗದ ಹಾಗೆ ಕೂತೆ. ಮರಿ ಬೆಟ್ಟದ ಅಂಚಿನ ಮೇಲೆ ಒಂದೇ ಇದೆ ಎಂದರು. ಓಡಿ ಕೆಳಗೆ ಬರುತ್ತಿದೆ, ಈ ಕಡೆಗೇ ಬರುತ್ತಿದೆ ಎಂದರು. ಆಮೇಲೂ ದುರ್ಬೀನು ಕಣ್ಣಿಂದ ಇಳಿಸಲಿಲ್ಲ. "ಇನ್ನೊಂದು ಬಂತು," ಎಂದರು ಕೊನೆಗೆ. "ದೊಡ್ಡದು. ಮರಿ ಅದರ ಹೊಟ್ಟೆ ಕೆಳಗೆ ಹೋಯ್ತು."

ಅಷ್ಟಾದರೂ ಅತ್ತೆಗೆ ನಂಬಿಕೆ ಬರಲಿಲ್ಲ. ಸಡಿಲ ಕಲ್ಲಿನ ಇಳಿಜಾರು ದಾಟಿ ಬಿದ್ದ ಮೇಕೆಯ ಹತ್ತಿರ ಹೋಗಲು ಇಪ್ಪತ್ತು ನಿಮಿಷ ಬೇಕಾಯಿತು. ನಾಲ್ಕು ಸಲ ನಿಂತರು. ಹತ್ತು ಹೆಜ್ಜೆ ಇರುವಾಗ, "ನೀನೇ ಮುಟ್ಟಿ ನೋಡು," ಎಂದು ಮುಖ ತಿರುಗಿಸಿದರು.

ಕೆಚ್ಚಲು ಮುಟ್ಟಿದೆ. ಚಪ್ಪಟೆ, ಒಣ ಚರ್ಮ. "ಏನೂ ಇಲ್ಲ ಅತ್ತೆ."

"ನಿಂಗೇನು ಗೊತ್ತಾಗ್ತದೆ," ಎಂದು ಗದರಿ, ಮಂಡಿಯೂರಿ, ಅವರೇ ಒತ್ತಿ ಒತ್ತಿ ನೋಡಿದರು. ಆಮೇಲೆ ಒಂದು ಹಸಿರು ಕಡ್ಡಿ ಮುರಿದು ಮೇಕೆಯ ಬಾಯಲ್ಲಿಟ್ಟರು, ಬೇಟೆಯಲ್ಲಿ ಬಿದ್ದ ಪ್ರಾಣಿಗೆ ನಾವು ಕೊಡುವ ಕೊನೆಯ ತುತ್ತು ಅದು.

ಇಳಿದು ಬಂದು ಟುಮಾಷ್ ಮನೆಯ ಕೊಟ್ಟಿಗೆಯಲ್ಲಿ ತೂಗು ಹಾಕಿದೆವು. ಅವನು ಕೆಚ್ಚಲು ಒತ್ತಿ, "ಗೊಡ್ಡು. ಸರಿಯಾಗಿದೆ," ಎಂದು ಬರೆದುಕೊಂಡ.

"ಇನ್ನೊಂದ್ಸಲ ಒತ್ತು ಟುಮಾಷ್."

ಒತ್ತಿದ.

"ಇನ್ನೊಂದ್ಸಲ."

"ಸಾಕು ಮಾರಾಯ್ತಿ, ಸತ್ತಿರೋದಕ್ಕೂ ಕಚಗುಳಿ ಆಗ್ತದೆ," ಎಂದ. ಅತ್ತೆ ನಕ್ಕರು. ಬಂದೂಕು ಅವರ ಹೆಗಲಲ್ಲೇ ಉಳಿಯಿತು.

ಹೆದರಿಕೆ ಹೋಯಿತೇ ಎಂದು ಮೊನ್ನೆ ಕೇಳಿದೆ. "ಇಲ್ಲ ಕಣೆ. ಆ ಮರಿ ಕೂಗು ಈಗ್ಲೂ ಕೇಳಿಸ್ತದೆ. ಎರಡನೇ ಮೇಕೆ ಬರದೇ ಇದ್ದಿದ್ರೆ ಅಂತ ಅನ್ನಿಸ್ತದೆ," ಎಂದರು. ಮುಂದಿನ ವರ್ಷ ಬರುತ್ತೀರಾ ಎಂದದ್ದಕ್ಕೆ ಸೂಪು ಬಡಿಸಲು ಎದ್ದರು, ಆದರೆ ಲೈಸೆನ್ಸಿನ ಅರ್ಜಿ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಅರ್ಧ ತುಂಬಿದ್ದರು.

ನೀವೂ ಬೆಟ್ಟಕ್ಕೆ ಹಗುರ ದುರ್ಬೀನು ಹುಡುಕುತ್ತಿದ್ದರೆ, ನೆಟ್ಟಗೆ ಅಂಗಡಿಗೆ ಹೋಗಬೇಡಿ. ಶನಿವಾರ ಮಧ್ಯಾಹ್ನ ಅತ್ತೆ ಮನೆಯಲ್ಲಿರುತ್ತಾರೆ. ಚರ್ಚಿನ ಕೆಳಗಿನ ಓಣಿ, ನೀಲಿ ಬಾಗಿಲು, ಬೆಲ್ ಕೆಟ್ಟಿದೆ, ಕೂಗಬೇಕು. ಬಾರ್ಲಿ ಸೂಪು ಕೊಡುತ್ತಾರೆ, ಬೇಡ ಅನ್ನಬೇಡಿ. ಎಷ್ಟು ಪಟ್ಟಿನದು ಬೇಕು ಎಂದು ಅವರು ಕೇಳುವುದಿಲ್ಲ. ನಿಮ್ಮ ಎರಡೂ ಕೈ ಮೇಜಿನ ಮೇಲೆ ಇಡಿಸಿ, ಎಷ್ಟು ನಡುಗುತ್ತವೆ ಎಂದು ನೋಡುತ್ತಾರೆ. ಸ್ವಲ್ಪ ಹೆದರಿಕೆ ಆಗುತ್ತೆ, ಆಗಲಿ. ಹೋಗಿ ಭೇಟಿಯಾಗಿ ಬನ್ನಿ.