ಮಳೆಗೆ ಬಾಯಿ ಮುಚ್ಚದ ಮೇಡಂ

ಸಕಲೇಶಪುರ, ಆಲೂರು ಎರಡೂ ತಾಲ್ಲೂಕಿನಲ್ಲಿ ಮೈಕಿನ ಮರ್ಮ ಬಲ್ಲವನು ನಾನೊಬ್ಬನೇ. ನನ್ನ ಅಂಗಡಿಯ ಮೈಕನ್ನು ಪಾಳ್ಯದಲ್ಲಿ ನಿಲ್ಲಿಸಿದರೆ ಹೆತ್ತೂರಿನಲ್ಲಿ ಇರುವೆ ಸೀನಿದ್ದು ಕೇಳುತ್ತದೆ. ಸೀನಿದ ಇರುವೆ ಗಂಡೋ ಹೆಣ್ಣೋ ಎಂಬುದೂ ತಿಳಿಯುತ್ತದೆ. ಹಾಗಾಗಿ ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಆಲ್ವಿಟಾ ಮೇಡಂ ಬಂದು, "ಪಾಠ ರೆಕಾರ್ಡ್ ಮಾಡೋಕೆ ಒಂದು ಮೈಕ್ ಬೇಕು ಸೋಮಣ್ಣ" ಅಂದಾಗ, ಇದೇನು ದೊಡ್ಡ ವಿಷಯ ಅಂದುಕೊಂಡೆ.

ಮೇಡಂ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪಿಯೂಸ್ ಅವರ ಮಗಳು. ಹಿಡಿದದ್ದನ್ನು ಬಿಡುವ ಹೆಂಗಸಲ್ಲ. ಚಿಕ್ಕಂದಿನಲ್ಲಿ ಇವರ ಕಾಲಿಗೆ ಕಚ್ಚಿ ರಕ್ತ ಹೀರುತ್ತಿದ್ದ ಇಂಬಳ, ಹಟದಲ್ಲಿ ಇವರಿಗೆ ಸೋತು ತಾನಾಗಿಯೇ ಬಿಟ್ಟುಹೋಯಿತಂತೆ.

ಈಗಿನ ಹಟಕ್ಕೆ ಕಾರಣ ವನಗೂರಿನ ಪೂಜಿತಾ, ಕೊನೆಯ ವರ್ಷದ ಬಿ.ಎ. ಹುಡುಗಿ. ಮಳೆ ಹಿಡಿದರೆ ಆ ಕಡೆ ದಾರಿಗೆ ಮರ ಬೀಳುತ್ತದೆ, ಬಸ್ಸು ನಿಲ್ಲುತ್ತದೆ. ಅರ್ಧ ಪಾಠ ತಪ್ಪಿಸಿಕೊಂಡು ಪಾಸಾಗುವುದುಂಟೆ, ಕಾಲೇಜು ಬಿಡು ಎಂದು ಮನೆಯಲ್ಲೂ ಊರಲ್ಲೂ ಹೇಳುತ್ತಿದ್ದರು. ಮೇಡಂ ರೆಕಾರ್ಡಿಂಗಿನ ಮಾತೆತ್ತಿದಾಗ ಪ್ರಿನ್ಸಿಪಾಲ್ ರವಿಚಂದ್ರ ಒಂದು ಷರತ್ತು ಹಾಕಿದರು: "ಅದನ್ನ ಕೇಳಿ ಆ ಹುಡುಗಿ ನನ್ನ ಒಂದು ಪ್ರಶ್ನೆಗೆ ಉತ್ತರ ಹೇಳ್ಲಿ. ಈ ತಿಂಗಳೊಳಗೆ ಆಗ್ಲಿಲ್ವಾ, ಈ ಆಟ ಸಾಕು."

ನನ್ನ ಮೈಕನ್ನು ಕ್ಲಾಸಿನ ಮೇಜಿನ ಮೇಲೆ ಕೂರಿಸಿದೆವು. ತೋಟದ ಒಳದಾರಿಯಲ್ಲಿ ರೇಷನ್ನಿಗೆ ಬಂದಿದ್ದ ಎಸ್ಟೇಟ್ ಜೀಪಿನಲ್ಲಿ ಮೆಮೊರಿ ಕಾರ್ಡು ವನಗೂರಿಗೆ ಹೋಯಿತು. ಪೂಜಿತಾ ಸಿಗ್ನಲ್ ಸಿಗುವ ಗುಡ್ಡ ಹತ್ತಿ ಫೋನ್ ಮಾಡಿದಳು.

"ಮೇಡಂ, ಮಳೆ ಚೆನ್ನಾಗೈತೆ. ಆಚೆ ಯಾರೋ ಹಲಸಿನಹಣ್ಣು ಮಾರ್ತಾವ್ರೆ. ಆಫೀಸಲ್ಲಿ ಯಾರೋ ಸೀನ್‌ಬುಟ್ರು. ಪಾಠ ಮಾತ್ರ ಇಲ್ಲ."

ನಾನು ಇನ್ನೂ ಚುರುಕು ಕಿವಿಯ ಮೈಕು ತಂದು ತೊಲೆಗೆ ಕಟ್ಟಿದೆ. ಅದಕ್ಕೆ ಚಾವಣಿಯ ಮೊಳೆಗೆ ತುಕ್ಕು ಹಿಡಿಯುವ ಸದ್ದೂ ಕೇಳಿತು. ಪಾಠ ಮಾತ್ರ ಆಗಲೂ ಇಲ್ಲ.

ಮೇಡಂ ಕುಳಿತು ರೆಕಾರ್ಡಿಂಗನ್ನು ಮೊದಲಿನಿಂದ ಕೊನೆವರೆಗೂ ಕೇಳಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಸೋಮಣ್ಣ, ಮಳೆ ಶುರುವಾದ್ಮೇಲೆ ನಾನು ಮಾತೇ ಆಡಿಲ್ಲ!"

ನಿಜವೇ. ನಮ್ಮ ಕಡೆ ಕ್ಲಾಸುಗಳಿಗೆಲ್ಲ ಜಿಂಕ್ ಶೀಟಿನ ಮಾಡು. ಮಳೆ ಬಿದ್ದರೆ ಪಕ್ಕದವನ ಮಾತೂ ಕೇಳದು. ಹಾಗಾಗಿ ಶೀಟಿನ ಮೇಲೆ ಹನಿ ಬಿದ್ದ ಕೂಡಲೇ ಮೇಷ್ಟ್ರುಗಳು ಬಾಯಿ ಮುಚ್ಚಿ ಬೋರ್ಡಿನ ಕಡೆ ತಿರುಗಿ ಬರೆಯುತ್ತಾರೆ, ಮಕ್ಕಳು ಬಗ್ಗಿ ಬರೆದುಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಅಭ್ಯಾಸ. ನನ್ನ ಮೈಕು ಪ್ರಾಮಾಣಿಕವಾಗಿ ಸೀಮೆಸುಣ್ಣದ ಕಿರಕಿರವನ್ನೇ ಹಿಡಿದಿತ್ತು.

"ಆಡದೇ ಇರೋ ಮಾತು ಹಿಡಿಯೋ ಮೈಕ್ ನಿಮ್ಮಂಗಡೀಲಿ ಇದೆಯಾ?"

"ಸ್ಟಾಕಿಲ್ಲ ಮೇಡಂ. ಆರ್ಡರ್ ಹಾಕ್ಬೌದು."

ಅವರು ನಗಲಿಲ್ಲ. ಮರುದಿನವೇ ಹಾಸನಕ್ಕೆ ಹೋಗಿ, ನೋಡಿ ವಾಪಸ್ ಕೊಡುವ ಮಾತಿನ ಮೇಲೆ ಕೆಲವು ಚಿಕ್ಕ ಮೈಕು ತಂದು, ಸುರಿಯುವ ಮಳೆಯಲ್ಲೇ ಒಂದೊಂದಾಗಿ ಪರೀಕ್ಷಿಸಿದರು. ಸೀರೆಗೆ ಸಿಕ್ಕಿಸುವಂಥದು ಸೆರಗು ಉಜ್ಜಿ ಸರಸರ ಅಂದಿತು, ಬೇಡ. ಕಿವಿಗೆ ಸಿಕ್ಕಿಸಿ ಬಾಯಿಯ ಪಕ್ಕಕ್ಕೇ ಚಾಚಿ ನಿಲ್ಲುವ, ಕಡಲೆಕಾಳಿನಷ್ಟು ದಪ್ಪದ್ದೊಂದಿತ್ತು. ಅದಕ್ಕೆ ಬಾಯಿಯೇ ಹತ್ತಿರ, ಮಾಡು ದೂರ. ಮೆಲ್ಲಗೆ ಆಡಿದರೂ ರೆಕಾರ್ಡಿಂಗಿನಲ್ಲಿ ಮಾತು ಮೇಲೆ, ಮಳೆ ಕೆಳಗೆ. ಅದೇ ಸರಿ ಎಂದರು.

ಮೈಕು ಸಿಕ್ಕಿತು, ಅಭ್ಯಾಸ ಬಿಡಬೇಕಲ್ಲ? ಮಳೆ ಬಿದ್ದೊಡನೆ ನಾಲಿಗೆ ತಡೆಯಿತು, ಕೈ ತಾನಾಗಿ ಸೀಮೆಸುಣ್ಣ ಹುಡುಕಿತು. ಮೇಡಂ ಸೀಮೆಸುಣ್ಣದ ಡಬ್ಬವನ್ನೇ ಮೊದಲ ಬೆಂಚಿಗೆ ಕೊಟ್ಟು, "ನಾನ್ ಕೇಳಿದ್ರೂ ಕೊಡ್ಬೇಡ್ರಿ" ಎಂದರು. ಶೀಟು ಬಡಿಯುತ್ತಿತ್ತು, ತುಟಿ ಆಡುತ್ತಿತ್ತು, ಮಕ್ಕಳು ನಗುತ್ತಿದ್ದರು. ಮೇಡಂ ಬೆಲ್ಲು ಹೊಡೆಯುವ ತನಕ ನಿಲ್ಲಿಸಲಿಲ್ಲ.

ಪ್ರಿನ್ಸಿಪಾಲರು ಸಿಡುಕಿದರು. "ಏನ್ ಮೇಡಂ ಇದು! ಎದುರಿಗಿರೋರಿಗೆ ಕೇಳಲ್ಲ, ವನಗೂರಿಗೆ ಕೇಳುತ್ತಾ?"

"ಎದುರಿಗಿರೋರಿಗೂ ಅದೇ ರೆಕಾರ್ಡಿಂಗ್ ಕೊಡ್ತೀನಿ ಸರ್. ಮೊದ್ಲು ನಿಮ್ಮ ಪ್ರಶ್ನೆ ಕೇಳಿ."

ತಿಂಗಳ ಕೊನೆಯ ಜೀಪಿನಲ್ಲಿ ಕಾರ್ಡು ಹೋಯಿತು. ಪೂಜಿತಾಳ ಫೋನು ಬಂತು. ರವಿಚಂದ್ರ ಸ್ಪೀಕರಿಗೆ ಹಾಕಿ, ಬೆಲೆ ಏರಿದರೂ ಕೆಲವು ವಸ್ತುಗಳ ಬೇಡಿಕೆ ಯಾಕೆ ಇಳಿಯುವುದಿಲ್ಲ ಎಂದು ಕೇಳಿದರು. ಮೇಡಂ ಪಕ್ಕದಲ್ಲೇ ನಿಂತಿದ್ದರು.

"ಉಪ್ಪಿನ ರೇಟ್ ಏರಿದ್ರೆ ಸಾರಿಗೆ ಕಮ್ಮಿ ಹಾಕಕ್ಕಾಯ್ತದಾ ಸಾರ್? ಸೀರೆ ರೇಟ್ ಏರಿದ್ರೆ ಮುಂದಿನ್ವರ್ಷಕ್ಕೆ ಅಂತೀವಿ. ಅಷ್ಟೇಯ. ಆಮೇಲೆ ಮೇಡಂ, ಮಧ್ಯದಲ್ಲಿ ನೀವು 'ಪ್ರಿನ್ಸಿಪಾಲ್ರು ಮತ್ತೆ ಕಿಟಕೀಲಿ ಇಣುಕ್ತಾವ್ರೆ' ಅಂದಿದ್ದೂ ನೀಟಾಗಿ ಕೇಳುಸ್ತು."

ರವಿಚಂದ್ರ ಕೆಮ್ಮಿದರು. ಆಮೇಲೆ, "ಎಲ್ಲಾ ಕ್ಲಾಸಿಗೂ ಇದೇ ಮೈಕ್ ತರ್ಸಿ" ಎಂದು ಎದ್ದುಹೋದರು.

ನನ್ನ ಮೈಕನ್ನು ಚೀಲಕ್ಕೆ ತುಂಬುತ್ತಾ ನಾನು ಗೊಣಗಿದೆ. "ಅಲ್ಲಾ ಮೇಡಂ, ಆ ಕಡಲೆಕಾಳಿಗೆ ಒಂದ್ ಮಾರು ದೂರದ್ದೂ ಕೇಳಾಕಿಲ್ಲ. ನನ್ನದ್ರಲ್ಲಿ ಇಡೀ ಊರೇ ಕೇಳುಸ್ತಿತ್ತು."

"ಊರು ಹೇಳೋದನ್ನ ಪೂಜಿತಾ ಬೇಕಾದಷ್ಟು ಕೇಳಿದಾಳೆ ಸೋಮಣ್ಣ. ಕಾಲೇಜು ಬಿಡು ಅಂತ."