ಹಬಶಿ ದಿನ್ನೆಯ ಸರಪಳಿ

ಸಿಂಧನೂರಿನ ಆ ಅಕ್ಕಿ ಗಿರಣಿಯ ಆಫೀಸು ಕೋಣೆಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗೋಡೆ, ಕುರ್ಚಿ, ಚಹಾದ ಕಪ್ಪು, ಎಲ್ಲದರ ಮೇಲೂ ತೌಡಿನ ಧೂಳು. ಅದರ ನಡುವೆ ಇಸ್ತ್ರಿ ಮುರಿಯದ ಬಿಳಿ ಬಟ್ಟೆಯ ಗಿರಣಿ ಮಾಲೀಕರು. ಅವರೇ ನಮ್ಮ ಸ್ಮಾರಕ ಸಮಿತಿಯ ಅಧ್ಯಕ್ಷರು. ಬೆರಳಿನ ಉಂಗುರ ತಿರುಗಿಸುತ್ತ "ಗುಲಾಮರ ನೋವು" ಎಂದು ಮಾತು ಶುರು ಮಾಡುತ್ತಿದ್ದರು. ಆ ನೋವು ಅವರಿಗೆ ಮೈಯಲ್ಲಿ ಎಲ್ಲಿ ಆಗುತ್ತಿತ್ತೋ ನನಗೆ ತಿಳಿಯಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ. ಹೇಳಲಿ. ಆ ಕೋಣೆಯಲ್ಲಿ ಕೂತು ಸಿಟ್ಟು ಬರದವರನ್ನು ನಾನು ನಂಬುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅಲ್ಲಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ, ನನ್ನ ತವರೂರಿನ ಮಗ್ಗುಲಿಗೆ, ಹಬಶಿ ದಿನ್ನೆ ಎಂಬ ಕಲ್ಲು ದಿಬ್ಬವಿದೆ. ಅದರ ಮೇಲೆ ಸಾಲು ಗೋರಿಗಳು. ಸುಲ್ತಾನರ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು, ಮಾರಿ, ಈ ಸೀಮೆಯ ಕೋಟೆಗಳ ಕಾವಲಿಗೆ ನಿಲ್ಲಿಸಿದ ಗುಲಾಮರು ಅಲ್ಲಿ ಮಲಗಿದ್ದಾರೆ. ನಮ್ಮ ಕಡೆ ಅವರಿಗೆ ಹಬಶಿಗಳು ಎನ್ನುತ್ತಾರೆ. ಅವರ ನೆನಪಿಗೆ ಅಲ್ಲೊಂದು ಮ್ಯೂಸಿಯಂ ಕಟ್ಟಬೇಕೆಂದು ಸಮಿತಿಯಾಯಿತು. ಒಳಗಿನ ಫಲಕಗಳಿಗೆ ಕನ್ನಡ ಬರೆದುಕೊಡಲು ನನ್ನನ್ನು ಸೇರಿಸಿಕೊಂಡರು.

ನಮ್ಮೂರಿನವರಿಗೆ ಆ ಗೋರಿಗಳು ಇತಿಹಾಸವಲ್ಲ, ದೇವರು. ಓಡಿಹೋದದ್ದನ್ನು ಮರಳಿ ತರುವ ದೇವರು. ಹಗ್ಗ ಹರಿದುಕೊಂಡು ಹೋದ ಎತ್ತು, ಮನೆ ಬಿಟ್ಟು ಪುಣೆ ಸೇರಿದ ಮಗ, ಮುನಿಸಿಕೊಂಡು ತವರಿಗೆ ಹೋದ ಸೊಸೆ, ಯಾರು ಮರಳಿದರೂ ದಿನ್ನೆಯ ಬೇವಿನ ಮರಕ್ಕೆ ಒಂದು ಕಬ್ಬಿಣದ ಸರಪಳಿ ಕಟ್ಟುವುದು ಹರಕೆ. ಒಂದು ಗೋರಿಯ ಕಲ್ಲಿನ ಮೇಲೆ ಸರಪಳಿ ಕೆತ್ತಿದ್ದಾರೆ. ಅದನ್ನು ನೋಡಿ ಈ ದೇವರಿಗೆ ಸರಪಳಿ ಪ್ರೀತಿ ಎಂದು ನಮ್ಮ ಹಿರಿಯರು ತಿಳಿದರು. ಓಡಿಹೋಗದಿರಲೆಂದು ಕಾಲಿಗೆ ಬೇಡಿ ಹಾಕಿಸಿಕೊಂಡವರಿಗೆ ತಲೆತಲಾಂತರದಿಂದ ಬೇಡಿಯನ್ನೇ ಕಾಣಿಕೆ ಕೊಟ್ಟ ಜನ ನಾವು. ಇದು ನನಗೆ ಹೊಳೆದದ್ದು ಕಾಲೇಜು ಮುಗಿದ ಮೇಲೆ.

ಆದರೆ ಕಟ್ಟಿದ ಸರಪಳಿ ಸಂಜೆಯವರೆಗೂ ಮರದ ಮೇಲೆ ಉಳಿಯುತ್ತಿರಲಿಲ್ಲ. ದಿನ್ನೆಯ ಬುಡದ ಗುಡಿಸಲಿನಲ್ಲಿ ಆ ಹಬಶಿಗಳ ವಂಶದವಳೇ ಆದ ಮುದುಕಿಯೊಬ್ಬಳಿದ್ದಳು. ಮುಸಲ್ಮಾನರ ಹೆಂಗಸರನ್ನು ಕರೆಯುವಂತೆ ನಾವೆಲ್ಲ ಅವಳನ್ನು ಬೂಬಮ್ಮ ಎನ್ನುತ್ತಿದ್ದೆವು. ಗಂಡ ಅದೇ ದಿನ್ನೆಯಲ್ಲಿ ಮಣ್ಣಾಗಿದ್ದ. ಹರಕೆಯವರು ಬೆನ್ನು ತಿರುಗಿಸಿದರೆ ಸಾಕು, ಬೂಬಮ್ಮ ಸರಪಳಿ ಬಿಚ್ಚಿ ತಂದು, ಮಸ್ಕಿಯ ಸಂತೆಗೆ ಹೋದಾಗ ಕಮ್ಮಾರನಿಗೆ ಕೊಟ್ಟು ಕಳೆ ತೆಗೆಯುವ ಕುರ್ಪಿ ಮಾಡಿಸಿ ಊರಿನವರಿಗೆ ಮಾರುತ್ತಿದ್ದಳು. ನಮ್ಮ ಹೊಲದಲ್ಲಿ ಕಳೆ ತೆಗೆದದ್ದೂ ಆ ಕುರ್ಪಿಗಳಿಂದಲೇ.

ನನ್ನ ಅಪ್ಪನಿಗೂ ಅವಳಿಗೂ ಇದಕ್ಕಾಗಿ ಹಾವು ಮುಂಗುಸಿಯ ಹಗೆ. ಅಪ್ಪನ ಎತ್ತೊಂದು ಬಲು ತುಡುಗು. ಅದು ಓಡಿಹೋಗುವುದು, ಮರಳುವುದು, ಅಪ್ಪ ಸರಪಳಿ ಹೊತ್ತುಕೊಂಡು ದಿನ್ನೆ ಹತ್ತುವುದು ನಡೆದೇ ಇತ್ತು. ಒಮ್ಮೆ ಅವಳು ಬಿಚ್ಚುವಾಗಲೇ ಹಿಡಿದ.

"ನನ್ನ ಹರಕಿ ಬಿಚ್ಚಾಕ ನೀ ಯಾರಬೇ?"

"ನಿನ್ನ ಹರಕಿ ಕಟ್ಟೂದಕ್ಕ ಮುಗೀತು. ಬಿಚ್ಚೂದು ನಂದು. ನಮ್ಮೋರ ತಲಿ ಮ್ಯಾಲೆ ಒಂದು ರಾತ್ರಿನೂ ಸರಪಳಿ ಇರಬಾರ್ದು ಅಂತ ನಮ್ಮತ್ತಿ ಹೇಳಿ ಸತ್ತಾಳ."

"ದೇವರಿಗೆ ಕೊಟ್ಟಿದ್ದನ್ನ ಕದಿಯಾಕತ್ತೀಯಲ್ಲ, ಕೈ ಸೇದಿಹೋಗ್ತಾವ ನಿನ್ನವು!"

"ಹೋಗ್ಲಿ ಬಿಡು. ಅಲ್ಲೀತನ ಬಿಚ್ಚತೀನಿ."

ಅಪ್ಪ ಉಗುಳಿ ಇಳಿದು ಬಂದ. ಮುಂದೆ ವರ್ಷಗಟ್ಟಲೆ ಅವಳ ಜೊತೆ ಮಾತಿಲ್ಲ. ಸರಪಳಿ ಕಟ್ಟುವುದನ್ನು ಮಾತ್ರ ಬಿಡಲಿಲ್ಲ.

ಸಮಿತಿಯ ನಕ್ಷೆ ತಯಾರಾಯಿತು. ದಿನ್ನೆಯ ಸುತ್ತ ಕಾಂಪೌಂಡು, ಎದುರಿಗೆ ದೊಡ್ಡ ಗೇಟು, ಒಳಗೆ ಕಟ್ಟಡ, ಹೂವಿನ ತೋಟ. ಬೂಬಮ್ಮನ ಗುಡಿಸಲು ನಕ್ಷೆಯಲ್ಲಿ ಇರಲಿಲ್ಲ. ಜೊತೆಗೆ ಒಂದು ನಿಯಮ: ಇನ್ನು ಮುಂದೆ ಅಲ್ಲಿ ಯಾರನ್ನೂ ಹೂಳುವಂತಿಲ್ಲ. ನಾನು ಅದನ್ನು ಅವಳಿಗೆ ಹೇಳಿದಾಗ ಗುಡಿಸಲಿನ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಡನ ಗೋರಿಯ ಎಡಗಡೆ ಒಂದು ಆಳು ಮಲಗುವಷ್ಟು ಜಾಗ ಖಾಲಿ ಇತ್ತು. ಅದಕ್ಕೆ ಅವಳು ದಿನಾ ಕಸ ಹೊಡೆಯುತ್ತಿದ್ದಳು. ಅದನ್ನೇ ನೋಡುತ್ತ, "ನಡಿ ಬೇ ಟೀಚರಮ್ಮ, ಸಿಂಧನೂರಿಗೆ," ಎಂದಳು.

ಮುಂದಿನ ಸಭೆಗೆ ಅವಳನ್ನು ಬಸ್ಸಿನಲ್ಲಿ ಕರೆದೊಯ್ದೆ. ಮೇಜಿನ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲಿನ ಮೇಲೆ ಒಂದು ಸರಪಳಿ. ಗುಲಾಮರ ಕಾಲಿಗೆ ಹಾಕಿದ್ದು, ಮ್ಯೂಸಿಯಂನಲ್ಲಿ ಇಡುವುದು ಎಂದರು ಅಧ್ಯಕ್ಷರು. ನಾನು ಬಗ್ಗಿ ನೋಡಿದೆ. ತುದಿಗೆ ಎತ್ತಿನ ಮೂಗುದಾರಕ್ಕೆ ಸಿಕ್ಕಿಸುವ ಕೊಂಡಿ ಹಾಗೇ ಇತ್ತು.

"ಇದು ಮಸ್ಕಿ ಸಂತೆಯ ಮಾಲು. ನಮ್ಮಪ್ಪನ ಹತ್ರ ಇಂಥವು ನಾಕೈದು ಅದಾವ," ಎಂದೆ.

"ಟೀಚರಮ್ಮ, ಮಂದಿಗೆ ಕಣ್ಣಿಗೆ ಏನಾರ ಕಾಣಬೇಕಲ್ರೀ," ಎಂದು ಅವರು ಮಿರ್ಚಿ ಮುರಿದರು.

ಬೂಬಮ್ಮ ಕೂರಲಿಲ್ಲ. "ಸಾಹೇಬರ, ನನ್ನ ಗಂಡನ ಮಗ್ಗಲಕ ನನಗ ಜಾಗ ಬಿಡ್ರಿ. ಬ್ಯಾರೆ ಏನೂ ಬ್ಯಾಡ."

"ಅದು ಐತಿಹಾಸಿಕ ಜಾಗ ಆಗತೈತಿ ಬೂಬಮ್ಮ. ಮಸ್ಕಿ ಖಬರಸ್ಥಾನದಾಗ ವ್ಯವಸ್ಥಾ ಮಾಡಸ್ತೀನಿ."

"ಆ ಮಣ್ಣಾಗ ನನಗ ಯಾರದಾರ? ನಮ್ಮೋರೆಲ್ಲಾ ದಿನ್ನ್ಯಾಗ ಮಲಗ್ಯಾರ."

"ಅವರು ಹಳೇ ಕಾಲದವರು. ಅವರ ಮಾತು ಬ್ಯಾರೆ."

"ಹಂಗಾರ ಸತ್ತು ಎಷ್ಟು ವರ್ಷ ಆದಮ್ಯಾಲೆ ನಿಮಗ ನಮ್ಮ ಮ್ಯಾಲೆ ಕರುಣಾ ಬರತೈತಿ ಸಾಹೇಬರ?"

ಅಧ್ಯಕ್ಷರು ನಗುತ್ತಲೇ, ಅಡಿಗಲ್ಲಿನ ದಿನ ಅವಳು ವೇದಿಕೆ ಹತ್ತಿ ಆ ಸರಪಳಿ ಹಿಡಿದು ಫೋಟೋಕ್ಕೆ ನಿಂತರೆ ಜಾಗದ ವಿಚಾರ ನೋಡೋಣ ಎಂದರು. ಬೂಬಮ್ಮ ಗಾಜಿನ ಪೆಟ್ಟಿಗೆಯನ್ನು ಒಮ್ಮೆ ನೋಡಿದಳು. "ಹಿಡಕೊಂಡು ನಿಲ್ಲೂದು ನಮ್ಮ ಮನಿತನದಾಗ ಇಲ್ಲರಿ," ಎಂದು ಸೆರಗು ಸರಿ ಮಾಡಿಕೊಂಡು ಹೊರಬಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಮೊನ್ನೆ ಮೊನ್ನೆ ಬಂದವನು.

ನಾನು ಸಿಟ್ಟಿನಲ್ಲಿ ಅಲ್ಲೇ ಕೂತು ಮೊದಲ ಫಲಕ ಬರೆದುಕೊಟ್ಟೆ: "ಇಲ್ಲಿ ಮಲಗಿದವರನ್ನು ಈ ನೆಲಕ್ಕೆ ಬರುತ್ತೀರಾ ಎಂದು ಯಾರೂ ಕೇಳಲಿಲ್ಲ. ಇಲ್ಲಿ ಮಲಗುತ್ತೇನೆ ಎಂದು ಕೇಳಿದವಳಿಗೆ ಈ ಸಮಿತಿ ಜಾಗ ಕೊಡಲಿಲ್ಲ." ಅಧ್ಯಕ್ಷರು ಓದಿ, ಕಾಗದವನ್ನು ಮಿರ್ಚಿಯ ಎಣ್ಣೆ ಒರೆಸಿಕೊಳ್ಳಲು ಬಳಸಿದರು. ಫಲಕ ಬೇರೆಯವರಿಂದ ಬರೆಸುವುದಾಗಿ ಹೇಳಿದರು. ನಾನು ಸಮಿತಿ ಬಿಟ್ಟೆ. ಬಿಡುವ ಮೊದಲು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆದರೆ ಈ ಬರಹ ಮಕ್ಕಳ ಕೈಗೆ ಕೊಡಲಾಗುವುದಿಲ್ಲ.

ಅಡಿಗಲ್ಲು ಬಿತ್ತು. ಕಾಂಪೌಂಡು ಎದ್ದಿತು. ಗುಡಿಸಲು ಹೋಯಿತು. ಬೂಬಮ್ಮ ರಸ್ತೆಯ ಆಚೆ ತಗಡು ಹೊದಿಸಿಕೊಂಡು ಕೂತಳು. ಗೇಟಿಗೆ ಚಿಲಕ ಇನ್ನೂ ಕೂರಿಸಿರಲಿಲ್ಲವೆಂದು ಕಬ್ಬಿಣದ ಸರಪಳಿ ಸುತ್ತಿ ಬೀಗ ಜಡಿದರು. ಅವಳು ದಿನಾ ಬೆಳಿಗ್ಗೆ ಹೋಗಿ ಆ ಸರಪಳಿಯನ್ನು ಎಳೆದು ನೋಡಿ ಬರುತ್ತಿದ್ದಳಂತೆ. ಬೇವಿನ ಮರ ಒಳಗೆ ಸಿಕ್ಕಿಕೊಂಡದ್ದರಿಂದ ಹರಕೆಯೂ ನಿಂತಿತು. ಕಟ್ಟಡ ಮಾತ್ರ ಏಳಲೇ ಇಲ್ಲ.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷಕ್ಕೆ ಬೂಬಮ್ಮ ತೀರಿಕೊಂಡಳು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಸ್ಕಿಯಿಂದ ಅವಳ ಅಳಿಯ, ನಾಲ್ಕು ಜನ ಹಿರಿಯರು ಬಂದಿದ್ದರು. ಹೆಣವನ್ನು ಗೇಟಿನ ಮುಂದೆ ಇಳಿಸಿದ್ದರು. ಬಿಸಿಲು ಏರಿತ್ತು. ಸಿಂಧನೂರಿಗೆ ಫೋನು ಮಾಡಿದರೆ ಅಧ್ಯಕ್ಷರು, ತಾವು ಬರುವತನಕ ಯಾರೂ ಬೀಗ ಮುಟ್ಟಬಾರದು ಎಂದರಂತೆ. ಅಳಿಯ ತಲೆ ತಗ್ಗಿಸಿ, ಮಸ್ಕಿಗೇ ಒಯ್ಯೋಣ ಎನ್ನುತ್ತಿದ್ದ. ನಾನು ಕೂಗಾಡಿದೆ. ನನ್ನ ಕೂಗಾಟಕ್ಕೆ ಬೀಗ ತೆರೆಯುವುದೇ?

ಆಗ ನಮ್ಮ ಹೊಲದ ಕಡೆಯಿಂದ ಅಪ್ಪ ಬಂದ. ಕೈಯಲ್ಲಿ ಹಾರೆ. ವರ್ಷಗಟ್ಟಲೆ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ ಹೆಣದ ಮುಂದೆ ಒಂದು ಗಳಿಗೆ ನಿಂತ. ಹಾರೆಯ ತುದಿಯನ್ನು ಬೀಗದೊಳಗೆ ತೂರಿಸಿ ಮೈಭಾರ ಹಾಕಿದ. ಬೀಗ ಹಾರಿತು. ಸರಪಳಿಯನ್ನು ಸುತ್ತು ಸುತ್ತಾಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಅವಳ ಗಂಡನ ಗೋರಿಯ ಎಡಗಡೆಯ ಜಾಗಕ್ಕೆ ಮೊದಲ ಹಾರೆ ಹಾಕಿದವನೂ ಅವನೇ. ನಮಾಜು ಆಯಿತು, ಮಣ್ಣು ಕೊಟ್ಟರು.

ಅಧ್ಯಕ್ಷರು ಪೊಲೀಸರನ್ನು ಕರೆದುಕೊಂಡೇ ಬಂದರು. ಅಪ್ಪ ದಿನ್ನೆಯ ಬುಡದಲ್ಲಿ ಬೀಡಿ ಸೇದುತ್ತ ಕೂತಿದ್ದ. ಸರಪಳಿ ಹೆಗಲ ಮೇಲೆಯೇ ಇತ್ತು.

"ಯಾರಲೇ ಇದನ್ನ ಬಿಚ್ಚಿದೋರು?" ಎಂದು ಪೊಲೀಸಪ್ಪ ಗದರಿದ.

ಅಪ್ಪ ಎದ್ದು ನಿಲ್ಲಲಿಲ್ಲ.

"ಬೂಬಮ್ಮ. ಇಲ್ಲಿ ಕಟ್ಟೋರು ನಾವು, ಬಿಚ್ಚಾಕಿ ಆಕಿ. ಒಳಗ ಮಲಗ್ಯಾಳ, ಹೋಗಿ ಕೇಳ್ರಿ."